ರಸ್ತೆ ಕಾಮಗಾರಿಯಲ್ಲಿ ಭಾರಿ ಯಂತ್ರ ಚಾಲಕರ ಸುರಕ್ಷತೆ

ರಸ್ತೆ ಕಾಮಗಾರಿಯಲ್ಲಿ ಭಾರಿ ಯಂತ್ರ ಚಾಲಕರ ಸುರಕ್ಷತೆ ಎಂಬುದು ರಸ್ತೆಗಳ ನಿರ್ಮಾಣ, ಅಗಲೀಕರಣ ಮತ್ತು ದುರಸ್ತಿ ನಡೆಯುವ ಸ್ಥಳಗಳಲ್ಲಿ ಮಣ್ಣನ್ನು ಅಗೆಯುವ, ಸಾಗಿಸುವ, ಹರಡುವ ಹಾಗೂ ದಮ್ಮಸ್ಸು ಮಾಡುವ ಯಂತ್ರಗಳನ್ನು ನಡೆಸುವವರು ಪಾಲಿಸಬೇಕಾದ ಕ್ರಮಗಳನ್ನು ಒಟ್ಟಾಗಿ ಸೂಚಿಸುತ್ತದೆ. ಈ ಕ್ರಮಗಳು ಚಾಲಕನ ಪ್ರಾಣವನ್ನು ಕಾಯುವುದರ ಜೊತೆಗೆ ಯಂತ್ರದ ಸುತ್ತ ದುಡಿಯುವ ಕೂಲಿಕಾರರು, ರಸ್ತೆಯಲ್ಲಿ ಸಾಗುವ ಸಾರ್ವಜನಿಕರು ಮತ್ತು ಪಕ್ಕದ ಹೊಲಗದ್ದೆಗಳ ರೈತರ ರಕ್ಷಣೆಗೂ ಸಂಬಂಧಿಸಿವೆ. ಈ ಲೇಖನವು ವಿಷಯವನ್ನು ಮುಖ್ಯವಾಗಿ ಮಂಡ್ಯ ಜಿಲ್ಲೆಯ ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಹಿನ್ನೆಲೆಯಲ್ಲಿ, ಅದರಲ್ಲೂ ಮಂಡ್ಯ ತಾಲ್ಲೂಕಿನ ಹೋಬಳಿ ಕೇಂದ್ರವಾದ ದುದ್ದದಂತಹ ಗ್ರಾಮೀಣ ಪ್ರದೇಶದ ರಸ್ತೆಗಳನ್ನು ಗಮನದಲ್ಲಿಟ್ಟು ವಿವರಿಸುತ್ತದೆ.

ಹಿನ್ನೆಲೆ

ಹಳೆಯ ಮೈಸೂರು ಸೀಮೆಯಲ್ಲಿ ರಸ್ತೆ ಕೆಲಸವೆಂದರೆ ಬಹುಕಾಲ ಮನುಷ್ಯರ ಕೈಕೆಲಸವೇ ಆಗಿತ್ತು. ಗುದ್ದಲಿ, ಪಿಕಾಸಿ, ಮಂಕರಿಗಳ ನಡುವೆ ಇದ್ದ ಒಂದೇ ದೊಡ್ಡ ಯಂತ್ರವೆಂದರೆ ಜಲ್ಲಿಯನ್ನು ಅದುಮುವ ರೋಲರ್. ಅದು ನಡಿಗೆಯ ವೇಗದಲ್ಲಿ ಸಾಗುತ್ತಿದ್ದುದರಿಂದ ಜನರಿಗೆ ಅದರ ಭಯವಿರಲಿಲ್ಲ. ಅಗೆಯುವ ಮತ್ತು ತುಂಬುವ ಯಂತ್ರಗಳು ಹಳ್ಳಿಹಳ್ಳಿಗೂ ತಲುಪಿದ್ದು ಕಳೆದ ಕೆಲವು ದಶಕಗಳಲ್ಲಿ. ಈ ಯಂತ್ರಗಳ ತಯಾರಿಕೆಯಲ್ಲಿ ಕರ್ನಾಟಕದ ಪಾಲು ದೊಡ್ಡದು. 1964ರಲ್ಲಿ ಸ್ಥಾಪನೆಯಾದ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆಯು (ಬಿಇಎಂಎಲ್) ಕೋಲಾರ ಚಿನ್ನದ ಗಣಿ ಪ್ರದೇಶದಲ್ಲೂ ಮೈಸೂರಿನಲ್ಲೂ ಕಾರ್ಖಾನೆಗಳನ್ನು ಹೊಂದಿದೆ. ಟಾಟಾ ಹಿಟಾಚಿ ಸಂಸ್ಥೆಯ ಕಾರ್ಖಾನೆಯೊಂದು ಧಾರವಾಡದಲ್ಲಿದೆ.

ಮಂಡ್ಯ ಜಿಲ್ಲೆಯ ಮಟ್ಟಿಗೆ ಬೃಹತ್ ಯಂತ್ರಗಳ ಅತಿ ದೊಡ್ಡ ಬಳಕೆ ಕಂಡುಬಂದುದು ಬೆಂಗಳೂರು–ಮೈಸೂರು ರಾಷ್ಟ್ರೀಯ ಹೆದ್ದಾರಿ 275ರ ಅಗಲೀಕರಣದಲ್ಲಿ. ಸುಮಾರು 118 ಕಿ.ಮೀ. ಉದ್ದದ ಈ ಮಾರ್ಗದಲ್ಲಿ ಆರು ಪಥಗಳ ಮುಖ್ಯ ರಸ್ತೆ ಮತ್ತು ಎರಡೂ ಬದಿಗಳಲ್ಲಿ ಎರಡೆರಡು ಪಥಗಳ ಸೇವಾ ರಸ್ತೆಗಳಿವೆ. ಮದ್ದೂರು, ಮಂಡ್ಯ ಮತ್ತು ಶ್ರೀರಂಗಪಟ್ಟಣಗಳಿಗೆ ಬೈಪಾಸ್‌ಗಳು ನಿರ್ಮಾಣವಾದವು. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ನಡೆದ ಸಮಾರಂಭದಲ್ಲಿ ಇದು ಉದ್ಘಾಟನೆಗೊಂಡಿತು. ಇಂತಹ ದೊಡ್ಡ ಕಾಮಗಾರಿಯಲ್ಲಿ ಸುರಕ್ಷತಾ ಅಧಿಕಾರಿ, ತಡೆಗೋಡೆ, ಸೂಚನಾ ಫಲಕ ಇತ್ಯಾದಿಗಳಿಗೆ ಗುತ್ತಿಗೆಯಲ್ಲಿಯೇ ಅವಕಾಶವಿರುತ್ತದೆ. ಹಳ್ಳಿಯ ರಸ್ತೆಯ ಸ್ಥಿತಿ ಬೇರೆ. ಅಲ್ಲಿ ಒಂದು ಜೆಸಿಬಿ, ಎರಡು ಟಿಪ್ಪರ್, ಒಂದು ರೋಲರ್, ಮೇಲ್ವಿಚಾರಣೆಗೆ ಒಬ್ಬ ಮೇಸ್ತ್ರಿ ಇದ್ದರೆ ಕೆಲಸ ಆರಂಭವಾಗುತ್ತದೆ. ಆದ್ದರಿಂದ ಸುರಕ್ಷತೆಯ ಹೊಣೆಯ ಬಹುಪಾಲು ಆಸನದಲ್ಲಿ ಕುಳಿತ ಚಾಲಕನ ಮೇಲೆಯೇ ಬೀಳುತ್ತದೆ. ಇದು ನ್ಯಾಯವಾದ ಹಂಚಿಕೆಯಲ್ಲದಿದ್ದರೂ ವಾಸ್ತವ ಹಾಗಿದೆ.

ಯಂತ್ರಗಳು

ರಸ್ತೆ ಕೆಲಸದ ಯಂತ್ರಗಳನ್ನು ಜನರು ತಯಾರಕರ ಹೆಸರಿನಿಂದಲೇ ಕರೆಯುವುದು ವಾಡಿಕೆ. ಮುಂದೆ ಅಗಲವಾದ ಬಕೆಟ್ಟು, ಹಿಂದೆ ಅಗೆಯುವ ತೋಳು ಇರುವ ರಬ್ಬರ್ ಚಕ್ರದ ಯಂತ್ರಕ್ಕೆ, ಅದನ್ನು ಯಾವ ಕಂಪನಿ ತಯಾರಿಸಿದ್ದರೂ, ‘ಜೆಸಿಬಿ’ ಎಂಬ ಹೆಸರೇ ನಿಂತಿದೆ. ಸರಪಳಿ ಪಟ್ಟಿಯ ಮೇಲೆ ನಿಂತು ಸುತ್ತಲೂ ತಿರುಗುವ ಅಗೆತದ ಯಂತ್ರಕ್ಕೆ ‘ಹಿಟಾಚಿ’ ಎನ್ನುತ್ತಾರೆ. ಇವುಗಳಲ್ಲದೆ ಮಣ್ಣನ್ನು ಸಮತಟ್ಟುಗೊಳಿಸುವ ಗ್ರೇಡರ್, ಮಣ್ಣು ನೂಕುವ ಡೋಜರ್, ಕಂಪನದಿಂದ ಅದುಮುವ ರೋಲರ್, ಡಾಂಬರು ಮಿಶ್ರಣ ಹರಡುವ ಪೇವರ್, ನೀರಿನ ಟ್ಯಾಂಕರ್ ಮತ್ತು ಟಿಪ್ಪರ್‌ಗಳು ಬಳಕೆಯಲ್ಲಿವೆ. ಸಾಮಾನ್ಯ ಜೆಸಿಬಿಯ ತೂಕ ಏಳೆಂಟು ಟನ್ನುಗಳಷ್ಟು. ಹೆದ್ದಾರಿ ಕೆಲಸದಲ್ಲಿ ಕಾಣುವ ಹಿಟಾಚಿಯ ತೂಕ ಇಪ್ಪತ್ತು ಟನ್ನುಗಳ ಆಸುಪಾಸಿನದು. ತೂಕದಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಈ ಯಾವ ಯಂತ್ರದಲ್ಲೂ ಚಾಲಕನಿಗೆ ತನ್ನ ಸುತ್ತಲಿನ ನೆಲ ಪೂರ್ತಿಯಾಗಿ ಕಾಣುವುದಿಲ್ಲ.

ಕಾನೂನು ಮತ್ತು ಮಾನದಂಡಗಳು

ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಾಯ್ದೆ 1996, ಅದರಡಿಯ ಕೇಂದ್ರ ನಿಯಮಗಳು 1998 ಹಾಗೂ ಕರ್ನಾಟಕ ನಿಯಮಗಳು 2006 ಈ ಕ್ಷೇತ್ರದ ಮೂಲ ಕಾನೂನುಗಳಾಗಿ ದೀರ್ಘಕಾಲ ಬಳಕೆಯಲ್ಲಿದ್ದವು. ರಸ್ತೆ ನಿರ್ಮಾಣವೂ ಇವುಗಳ ವ್ಯಾಪ್ತಿಗೆ ಸೇರಿತ್ತು. ಕೇಂದ್ರ ನಿಯಮಗಳಲ್ಲಿ ಸಾಗಣೆ ಮತ್ತು ಮಣ್ಣು ಕೆಲಸದ ಯಂತ್ರಗಳಿಗೆಂದೇ ಪ್ರತ್ಯೇಕ ಅಧ್ಯಾಯವಿದೆ. 500 ಅಥವಾ ಹೆಚ್ಚು ಕಾರ್ಮಿಕರಿರುವ ಸ್ಥಳದಲ್ಲಿ ಸುರಕ್ಷತಾ ಸಮಿತಿ ಇರಬೇಕೆಂದು 1996ರ ಕಾಯ್ದೆ ವಿಧಿಸಿತ್ತು. ಹಳ್ಳಿಯ ಕಾಮಗಾರಿಗಳು ಆ ಸಂಖ್ಯೆಯ ಹತ್ತಿರಕ್ಕೂ ಬರುವುದಿಲ್ಲ. ಸಂಸತ್ತು 2020ರಲ್ಲಿ ಅಂಗೀಕರಿಸಿದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದು ಹಳೆಯ ಕಾಯ್ದೆಯ ಸ್ಥಾನವನ್ನು ಪಡೆಯಿತು.

ರಸ್ತೆಯ ತಾಂತ್ರಿಕ ವಿಷಯಗಳಲ್ಲಿ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಕೈಪಿಡಿಗಳು ಆಧಾರ. ಕಾಮಗಾರಿ ವಲಯದ ಸಂಚಾರ ನಿರ್ವಹಣೆಗೆ ಸಂಬಂಧಿಸಿದ ಐಆರ್‌ಸಿ ಎಸ್‌ಪಿ 55 ಅವುಗಳಲ್ಲಿ ಪ್ರಮುಖವಾದುದು. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ಕಾಮಗಾರಿ ನಿರ್ದಿಷ್ಟತೆಗಳ 112ನೇ ವಿಭಾಗವು ನಿರ್ಮಾಣ ಕಾಲದ ಸಂಚಾರ ವ್ಯವಸ್ಥೆಯನ್ನು ಗುತ್ತಿಗೆದಾರನ ಕರ್ತವ್ಯವಾಗಿಸುತ್ತದೆ. ಅಗೆತದ ಸುರಕ್ಷತೆಗೆ ಭಾರತೀಯ ಮಾನಕ 3764 ಇದೆ. ಯಂತ್ರಗಳ ರಚನೆಗೆ ಸಂಬಂಧಿಸಿದಂತೆ, ಆಸನ ಪಟ್ಟಿ, ಚಾಲಕನ ನೋಟ, ತುರ್ತು ನಿರ್ಗಮನ ಮೊದಲಾದವನ್ನು ಒಳಗೊಂಡ ಎಐಎಸ್-160 ಮಾನದಂಡ 2021ರಿಂದ ಹಂತಹಂತವಾಗಿ ಅನ್ವಯವಾಗಿದೆ. ಹಳೆಯ ಯಂತ್ರಗಳು ಇದಕ್ಕೂ ಮೊದಲಿನವು ಎಂಬುದನ್ನು ನೆನಪಿಡಬೇಕು. ಹಳ್ಳಿಗಳಲ್ಲಿ ಬಾಡಿಗೆಗೆ ದೊರೆಯುವ ಯಂತ್ರಗಳಲ್ಲಿ ಅಂಥವೂ ಇರುತ್ತವೆ.

ಮೋಟಾರು ವಾಹನ ನಿಯಮಗಳು 1989ರ ಪ್ರಕಾರ ಜೆಸಿಬಿ, ರೋಲರ್, ಗ್ರೇಡರ್ ಮುಂತಾದವು ‘ನಿರ್ಮಾಣ ಸಲಕರಣೆ ವಾಹನ’ಗಳು. ಸಾರ್ವಜನಿಕ ರಸ್ತೆಯಲ್ಲಿ ಅವುಗಳ ಓಡಾಟ ಮುಖ್ಯ ಕೆಲಸಕ್ಕೆ ಪೂರಕವಾದ, ಅಲ್ಪಾವಧಿಯ, ಗಂಟೆಗೆ 50 ಕಿ.ಮೀ. ಮೀರದ ಓಡಾಟವೆಂದು ನಿಯಮ ಭಾವಿಸುತ್ತದೆ. ರಸ್ತೆಗಿಳಿಸುವ ಚಾಲಕನಿಗೆ ಆ ವರ್ಗದ ವಾಹನಕ್ಕೆ ಒಪ್ಪುವ ಚಾಲನಾ ಪರವಾನಗಿ ಇರಲೇಬೇಕು. ಪರವಾನಗಿ ಇಲ್ಲದಾಗ ಅಪಘಾತವಾದರೆ ವಿಮೆಯ ಪರಿಹಾರ ತೊಡಕಿಗೆ ಸಿಲುಕುತ್ತದೆ, ಹೊರೆ ಮಾಲೀಕನ ಮೇಲೆ ಬರುತ್ತದೆ.

ತರಬೇತಿ

ಹೆಚ್ಚಿನ ಚಾಲಕರು ಈ ವೃತ್ತಿಯನ್ನು ಕಲಿಯುವುದು ಹೆಲ್ಪರ್ ಆಗಿ ಸೇರಿ, ಹಳೆಯ ಚಾಲಕನ ಪಕ್ಕದಲ್ಲಿ ನಿಂತು ನೋಡಿ. ಈ ಗುರುಶಿಷ್ಯ ಪದ್ಧತಿಯಲ್ಲಿ ಕೈಚಳಕ ಚೆನ್ನಾಗಿ ಬರುತ್ತದೆ. ಗುರುವಿನ ದುರಭ್ಯಾಸಗಳೂ ಅಷ್ಟೇ ಚೆನ್ನಾಗಿ ಬರುತ್ತವೆ. ಮೂಲಸೌಕರ್ಯ ಯಂತ್ರೋಪಕರಣಗಳ ಕೌಶಲ್ಯ ಮಂಡಳಿಯ ಮಾನ್ಯತೆ ಪಡೆದ ಕೇಂದ್ರಗಳಲ್ಲಿ ಮತ್ತು ತಯಾರಕರ ಶಾಲೆಗಳಲ್ಲಿ ಪ್ರಮಾಣಪತ್ರ ಸಹಿತ ತರಬೇತಿ ದೊರೆಯುತ್ತದೆ. ಚಾಲಕನಿಗೆ 18 ವರ್ಷ ತುಂಬಿರಬೇಕು. ಕಣ್ಣು ಮತ್ತು ಕಿವಿಯ ಪರೀಕ್ಷೆಯನ್ನು ಕೆಲಸಕ್ಕೆ ಸೇರುವಾಗಲೂ ಆನಂತರ ಕಾಲಕಾಲಕ್ಕೂ ಮಾಡಿಸಬೇಕು.

ಕೆಲಸಕ್ಕೆ ಮುನ್ನಿನ ತಪಾಸಣೆ

ಯಂತ್ರವನ್ನು ಚಾಲೂ ಮಾಡುವ ಮೊದಲು ಅದರ ಸುತ್ತ ಒಮ್ಮೆ ನಡೆದು ಬರುವುದು ಎಲ್ಲ ಕೈಪಿಡಿಗಳೂ ಹೇಳುವ ಮೊದಲ ಪಾಠ. ಟೈರಿನ ಗಾಳಿ, ಸರಪಳಿ ಪಟ್ಟಿಯ ಬಿಗಿತ, ಬಕೆಟ್ಟಿನ ಪಿನ್ನುಗಳು, ಎಣ್ಣೆ ಸೋರಿಕೆ, ದೀಪ, ಹಾರನ್, ಹಿಮ್ಮುಖ ಎಚ್ಚರಿಕೆ ಗಂಟೆ, ಕನ್ನಡಿಗಳು ಇವನ್ನೆಲ್ಲ ನೋಡಲು ಐದಾರು ನಿಮಿಷ ಸಾಕು. ಈ ಸುತ್ತಿಗೆ ಇನ್ನೊಂದು ಉದ್ದೇಶವೂ ಇದೆ. ಬೇಸಿಗೆಯ ಮಧ್ಯಾಹ್ನ ನಿಂತ ಟಿಪ್ಪರಿನ ಅಡಿಯ ನೆರಳಲ್ಲಿ ಕೂಲಿಕಾರರು ಮಲಗುವುದುಂಟು. ರಾತ್ರಿ ನಾಯಿಗಳು, ಕೆಲವೊಮ್ಮೆ ಕಾವಲಿನವನೇ, ರೋಲರಿನ ಬದಿಯಲ್ಲಿ ಮಲಗಿರುತ್ತಾರೆ. ಕೀಲಿ ತಿರುಗಿಸುವ ಮುನ್ನ ಬಗ್ಗಿ ನೋಡದ ಚಾಲಕನಿಗೆ ಅವರು ಕಾಣುವುದಿಲ್ಲ.

ಹತ್ತುವಾಗ ಮತ್ತು ಇಳಿಯುವಾಗ ಯಂತ್ರದ ಕಡೆಗೆ ಮುಖ ಮಾಡಿ, ಎರಡು ಕೈ ಒಂದು ಕಾಲು ಅಥವಾ ಎರಡು ಕಾಲು ಒಂದು ಕೈ ಸದಾ ಹಿಡಿತದಲ್ಲಿರುವಂತೆ ನೋಡಿಕೊಳ್ಳಬೇಕು. ಇದನ್ನು ಮೂರು ಬಿಂದುಗಳ ಹಿಡಿತ ಎನ್ನುತ್ತಾರೆ. ಮೆಟ್ಟಿಲಿನಿಂದ ಕೆಳಕ್ಕೆ ಹಾರುವುದರಿಂದ ಕಾಲು ಉಳುಕುವುದು ಮತ್ತು ಮೂಳೆ ಮುರಿಯುವುದು ಸಾಮಾನ್ಯ.

ಕಾಣದ ಜಾಗ ಮತ್ತು ಹಿಮ್ಮುಖ ಚಲನೆ

ರಸ್ತೆ ಕಾಮಗಾರಿಯಲ್ಲಿ ಯಂತ್ರದಡಿ ಸಿಲುಕಿ ಸಾಯುವವರಲ್ಲಿ ಸಾರ್ವಜನಿಕರಷ್ಟೇ ಅಲ್ಲ, ಅದೇ ಯಂತ್ರದ ಜೊತೆ ದಿನವಿಡೀ ದುಡಿದವರೂ ಇರುತ್ತಾರೆ. ಇದಕ್ಕೆ ಮುಖ್ಯ ಕಾರಣ ಯಂತ್ರ ಹಿಂದಕ್ಕೆ ಚಲಿಸುವುದು. ಗಂಟೆಗೆ ಐದೇ ಕಿ.ಮೀ. ವೇಗದಲ್ಲಿ ಹಿಂದೆ ಸರಿಯುವ ಟಿಪ್ಪರ್ ಒಂದು ಸೆಕೆಂಡಿಗೆ ಸುಮಾರು 1.4 ಮೀಟರ್ ಸಾಗುತ್ತದೆ. ಬಾಗಿ ಜಲ್ಲಿ ಎಳೆಯುತ್ತಿರುವ ಹೆಂಗಸು ಸದ್ದು ಕೇಳಿ ತಲೆಯೆತ್ತುವ ಎರಡು ಸೆಕೆಂಡುಗಳಲ್ಲಿ ಅದು ಸುಮಾರು ಮೂರು ಮೀಟರ್ ಹತ್ತಿರ ಬಂದಿರುತ್ತದೆ. ಹಿಮ್ಮುಖ ಗಂಟೆ ಇದ್ದರೂ, ನಾಲ್ಕು ಯಂತ್ರಗಳ ಗಂಟೆಗಳು ಒಟ್ಟಿಗೆ ಬಡಿದುಕೊಳ್ಳುವ ಜಾಗದಲ್ಲಿ ಅದು ಯಾರಿಗೂ ಎಚ್ಚರಿಕೆಯಾಗಿ ಉಳಿಯುವುದಿಲ್ಲ.

ಆದ್ದರಿಂದ ಮೊದಲ ಆಯ್ಕೆ ಹಿಂದಕ್ಕೆ ಚಲಿಸುವ ಸಂದರ್ಭವನ್ನೇ ಕಡಿಮೆ ಮಾಡುವುದು. ಟಿಪ್ಪರ್‌ಗಳು ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೊರಹೋಗುವಂತೆ ದಾರಿ ರೂಪಿಸಬೇಕು. ಹಳ್ಳಿಯ ಕಿರಿದಾದ ರಸ್ತೆಯಲ್ಲಿ ಇದು ಸಾಧ್ಯವಾಗದಿದ್ದರೆ ತಿರುಗಲು ಒಂದು ನಿಗದಿತ ಜಾಗವನ್ನಾದರೂ ಗುರುತಿಸಬೇಕು. ಎರಡನೆಯದು, ಹಿಂದಕ್ಕೆ ಬರುವ ಪ್ರತಿ ಯಂತ್ರಕ್ಕೂ ಒಬ್ಬ ಸಂಕೇತಗಾರನನ್ನು ನೇಮಿಸುವುದು. ಈತ ಚಾಲಕನ ಕನ್ನಡಿಯಲ್ಲಿ ಸದಾ ಕಾಣುವಂತೆ ಬದಿಯಲ್ಲಿ ನಿಲ್ಲಬೇಕು, ಎಂದೂ ಯಂತ್ರದ ನೇರ ಹಿಂದೆ ನಿಲ್ಲಬಾರದು. ಸಂಕೇತಗಾರ ಒಂದು ಕ್ಷಣ ಕಾಣದಂತಾದರೂ ಚಾಲಕ ಯಂತ್ರವನ್ನು ನಿಲ್ಲಿಸಬೇಕು. ಸಂಕೇತ ಕೊಡುವವನು ಒಬ್ಬನೇ ಆಗಿರಬೇಕು. ಆದರೆ ‘ನಿಲ್ಲಿಸು’ ಎಂಬ ಸಂಕೇತವನ್ನು ಯಾರು ಕೊಟ್ಟರೂ ಪಾಲಿಸಬೇಕು. ಸುತ್ತ ನಿಂತ ಹತ್ತು ಜನ ‘ಬರ್ಲಿ ಬರ್ಲಿ’ ಎಂದು ಕೂಗುವುದು ಸಂಕೇತವಲ್ಲ.

ಯಂತ್ರದ ಹತ್ತಿರ ಹೋಗಬೇಕಾದ ಕಾರ್ಮಿಕನು ಚಾಲಕನ ಕಣ್ಣಿಗೆ ಕಣ್ಣು ಸೇರಿಸಿ, ಅವನು ಬಕೆಟ್ಟನ್ನು ನೆಲಕ್ಕಿಳಿಸಿ ಕೈಯೆತ್ತಿ ಒಪ್ಪಿಗೆ ಸೂಚಿಸಿದ ಮೇಲಷ್ಟೇ ಮುಂದುವರಿಯಬೇಕು. ಹಿಟಾಚಿಯ ವಿಷಯದಲ್ಲಿ ಅಪಾಯ ಇನ್ನೂ ಸೂಕ್ಷ್ಮ. ಅದರ ಮುಂದಿನ ತೋಳನ್ನು ಎಲ್ಲರೂ ಗಮನಿಸುತ್ತಾರೆ, ಹಿಂಬದಿಯ ತೂಕದ ದಿಮ್ಮಿಯನ್ನು ಗಮನಿಸುವುದಿಲ್ಲ. ಯಂತ್ರ ತಿರುಗಿದಾಗ ಆ ದಿಮ್ಮಿ ಹೊರಕ್ಕೆ ಬೀಸುತ್ತದೆ. ಅದಕ್ಕೂ ಗೋಡೆ, ಮರ ಅಥವಾ ನಿಂತ ಟಿಪ್ಪರಿಗೂ ನಡುವೆ ಮನುಷ್ಯ ಸಿಲುಕಿದರೆ ಪಾರಾಗಲು ಎಡೆಯಿರುವುದಿಲ್ಲ. ತಿರುಗುವ ವ್ಯಾಪ್ತಿಯ ಸುತ್ತ ಪಟ್ಟಿ ಕಟ್ಟಿ ಬೇರೆಯವರು ಬಾರದಂತೆ ಮಾಡಬೇಕು. ಅದಾಗದಿದ್ದರೆ ದಿಮ್ಮಿಗೂ ಸ್ಥಿರ ವಸ್ತುವಿಗೂ ನಡುವೆ ಕನಿಷ್ಠ ಅರ್ಧ ಮೀಟರ್ ಅಂತರವಿರುವಂತೆ ಯಂತ್ರವನ್ನು ನಿಲ್ಲಿಸಬೇಕು. ಟಿಪ್ಪರಿಗೆ ಮಣ್ಣು ತುಂಬುವಾಗ ಬಕೆಟ್ಟನ್ನು ಅದರ ಕ್ಯಾಬಿನ್ನಿನ ಮೇಲಿಂದ ಹಾಯಿಸಬಾರದು.

ಏರಿಯ ಅಂಚು, ನಾಲೆ ಮತ್ತು ಗದ್ದೆ

ಮಂಡ್ಯ ಜಿಲ್ಲೆಯ ನೀರಾವರಿ ಪ್ರದೇಶದ ರಸ್ತೆಗಳಿಗೆ ವಿಶೇಷವಾದ ಅಪಾಯವೊಂದಿದೆ. ಕೃಷ್ಣರಾಜಸಾಗರದಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ ಮತ್ತು ಅದರ ಕವಲುಗಳ ಏರಿಗಳ ಮೇಲೆಯೇ ಅನೇಕ ರಸ್ತೆಗಳು ಸಾಗುತ್ತವೆ. ಇನ್ನುಳಿದವುಗಳಲ್ಲಿ ಹಲವಕ್ಕೆ ಎರಡೂ ಬದಿ ಗದ್ದೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಮೃತಪಟ್ಟರು. ಅವರಲ್ಲಿ ಶಾಲಾ ಮಕ್ಕಳೂ ಇದ್ದರು. ಅದು ಯಂತ್ರದ ಅಪಘಾತವಲ್ಲವಾದರೂ, ತಡೆಗೋಡೆಯಿಲ್ಲದ ನಾಲೆ ಬದಿಯ ರಸ್ತೆಯಲ್ಲಿ ತಪ್ಪಿಗೆ ಎಷ್ಟು ಕಡಿಮೆ ಅವಕಾಶವಿದೆ ಎಂಬುದನ್ನು ತೋರಿಸಿತು. ಅಂತಹ ಏರಿಯನ್ನು ಅಗಲಗೊಳಿಸುವ ಅಥವಾ ಅದಕ್ಕೆ ತಡೆಗೋಡೆ ಕಟ್ಟುವ ಕೆಲಸವೂ ಯಂತ್ರಗಳಿಂದಲೇ ಆಗಬೇಕು. ಚಾಲಕ ಅದೇ ಅಂಚಿನ ಮೇಲೆ ನಿಂತು ಕೆಲಸ ಮಾಡಬೇಕು.

ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡುವಾಗ, ಕೆಲವು ದಿನ ಹರಿದು ಕೆಲವು ದಿನ ನಿಲ್ಲುವ ನೀರಿನಿಂದ ಏರಿಯ ಮಣ್ಣು ನೆನೆಯುತ್ತದೆ, ಮತ್ತೆ ಒಣಗುತ್ತದೆ. ಹಿಂದಿನ ವಾರ ರೋಲರಿನ ಭಾರವನ್ನು ತಡೆದುಕೊಂಡ ಅಂಚು ಈ ವಾರ ತಡೆಯುತ್ತದೆಂದು ಹೇಳಲಾಗದು. ಮೇಲಿನ ಒಣ ಪದರವನ್ನು ನೋಡಿ ಒಳಗಿನ ಕೆಸರನ್ನು ಊಹಿಸುವುದು ಅನುಭವಿಗಳಿಗೂ ಕಷ್ಟ. ಜಿಲ್ಲೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮಳೆ ಹೆಚ್ಚು. ಆ ದಿನಗಳಲ್ಲಿ ಪ್ರತಿ ಬೆಳಿಗ್ಗೆ ಮೇಲ್ವಿಚಾರಕನು ಅಂಚನ್ನು ನಡೆದು ನೋಡಿ, ಬಿರುಕುಗಳಿದ್ದರೆ ಗುರುತು ಹಾಕಿ, ಯಂತ್ರ ದಾಟಬಾರದ ಗೆರೆಯನ್ನು ಗೂಟ ಮತ್ತು ಹಗ್ಗದಿಂದ ತೋರಿಸಬೇಕು.

ಅಂಚಿನಲ್ಲಿ ಹೆಚ್ಚು ಅಪಾಯಕ್ಕೊಳಗಾಗುವುದು ರೋಲರ್. ದಮ್ಮಸ್ಸು ಮಾಡುವ ಕ್ರಮವೇ ಅಂಚಿನಿಂದ ಆರಂಭವಾಗಿ ಮಧ್ಯದ ಕಡೆಗೆ ಸಾಗುವುದು. ಸರಿಯಾದ ವಿಧಾನದಲ್ಲಿ ಏರಿಯನ್ನು ನಕ್ಷೆಗಿಂತ ಸ್ವಲ್ಪ ಅಗಲವಾಗಿ ತುಂಬಿ, ದಮ್ಮಸ್ಸಾದ ಮೇಲೆ ಹೆಚ್ಚುವರಿ ಮಣ್ಣನ್ನು ಕತ್ತರಿಸಿ ತೆಗೆಯುತ್ತಾರೆ. ಹಾಗೆ ಮಾಡಿದಾಗ ರೋಲರಿಗೆ ಅಂಚಿನಾಚೆಗೂ ಆಧಾರವಿರುತ್ತದೆ. ಮಣ್ಣು ಉಳಿಸಲು ನಕ್ಷೆಯ ಅಳತೆಗೇ ತುಂಬಿದರೆ ಆಧಾರವಿಲ್ಲದ ಅಂಚಿನ ಮೇಲೆ ಹತ್ತು ಟನ್ನಿನ ಯಂತ್ರ ಓಡಬೇಕಾಗುತ್ತದೆ. ಗುತ್ತಿಗೆದಾರನಿಗೆ ಉಳಿಯುವುದು ಕೆಲವು ಟಿಪ್ಪರ್ ಮಣ್ಣು. ಪಣಕ್ಕಿಡುವುದು ಚಾಲಕನ ಜೀವ. ಇಳಿಜಾರಿನಲ್ಲಿ ರೋಲರನ್ನು ಅಡ್ಡಲಾಗಿ ಓಡಿಸದೆ ಮೇಲಿಂದ ಕೆಳಕ್ಕೆ ನೇರವಾಗಿ ಓಡಿಸಬೇಕು. ಇಳಿಯುವಾಗ ಗೇರನ್ನು ನ್ಯೂಟ್ರಲ್‌ಗೆ ತರಬಾರದು.

ಯಂತ್ರ ವಾಲಿದಾಗ ಹಾರಿ ತಪ್ಪಿಸಿಕೊಳ್ಳಬಹುದು ಎಂಬ ನಂಬಿಕೆ ಚಾಲಕರಲ್ಲಿ ವ್ಯಾಪಕವಾಗಿದೆ. ಇದು ಮಾರಕವಾದ ತಪ್ಪು ನಂಬಿಕೆ. ಉರುಳುವ ಯಂತ್ರದಿಂದ ಹಾರಿದವನು ಸಾಮಾನ್ಯವಾಗಿ ಅದು ಉರುಳುವ ದಿಕ್ಕಿಗೇ ಬೀಳುತ್ತಾನೆ. ಈಗಿನ ಯಂತ್ರಗಳಲ್ಲಿ ಉರುಳಿದರೂ ಚಾಲಕನ ಸುತ್ತಲಿನ ಜಾಗ ಜಜ್ಜಿಹೋಗದಂತೆ ತಡೆಯುವ ಉಕ್ಕಿನ ಚೌಕಟ್ಟು ಇರುತ್ತದೆ. ಅದರ ಪ್ರಯೋಜನ ದೊರೆಯುವುದು ಆಸನ ಪಟ್ಟಿ ಕಟ್ಟಿಕೊಂಡವನಿಗೆ ಮಾತ್ರ. ಪಟ್ಟಿ ಇಲ್ಲದವನನ್ನು ಯಂತ್ರ ಹೊರಗೆಸೆದು ಅದೇ ಚೌಕಟ್ಟಿನಡಿ ಸಿಲುಕಿಸಬಹುದು. ಸೆಕೆ ಎಂದು ಮೇಲಿನ ಚೌಕಟ್ಟನ್ನು ಬಿಚ್ಚಿಡುವುದು, ಅದಕ್ಕೆ ಬೆಸುಗೆ ಹಾಕಿ ಏನನ್ನಾದರೂ ಜೋಡಿಸುವುದು ಎರಡೂ ತಪ್ಪು. ನೀರಿನ ಬದಿಯಲ್ಲಿ ಕೆಲಸವಿದ್ದಾಗ ಬಾಗಿಲಿಗೆ ಒಳಗಿನಿಂದ ಬೀಗ ಹಾಕದೆ, ಗಾಜು ಒಡೆಯುವ ಸುತ್ತಿಗೆಯನ್ನು ಕೈಗೆಟುಕುವಂತೆ ಇಟ್ಟುಕೊಳ್ಳಬೇಕು.

ಮೋರಿ ಕಟ್ಟಲು ಅಥವಾ ಕೊಳವೆ ಹಾಕಲು ಅಗೆದ ಹೊಂಡದ ಅಂಚಿಗೂ ಇದೇ ಎಚ್ಚರ ಬೇಕು. 1.5 ಮೀಟರಿಗಿಂತ ಆಳವಾದ ಕಂದಕದ ಗೋಡೆಗಳಿಗೆ ಹಲಗೆಗಳ ಆಧಾರ ಕೊಡಬೇಕು. ಅಗೆದ ಮಣ್ಣನ್ನು ಅಂಚಿನಿಂದ 1.5 ಮೀಟರ್ ಅಥವಾ ಆಳದ ಅರ್ಧದಷ್ಟು, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ದೂರದಲ್ಲಿ ರಾಶಿ ಹಾಕಬೇಕು. ಒಳಗೆ ಮನುಷ್ಯರಿರುವಾಗ ಜೆಸಿಬಿ ಅಂಚಿನಲ್ಲಿ ಓಡಾಡಬಾರದು.

ವಿದ್ಯುತ್ ತಂತಿ ಮತ್ತು ನೆಲದಡಿಯ ಕೊಳವೆಗಳು

ಗ್ರಾಮೀಣ ರಸ್ತೆಗಳನ್ನು ಪಂಪ್‌ಸೆಟ್ಟುಗಳಿಗೆ ಹೋಗುವ 11 ಕೆವಿ ತಂತಿಗಳು ಅಲ್ಲಲ್ಲಿ ದಾಟುತ್ತವೆ. ಇಂತಹ ತಂತಿ ರಸ್ತೆಯನ್ನು ಅಡ್ಡಹಾಯುವಲ್ಲಿ ನೆಲದಿಂದ ಕನಿಷ್ಠ 6.1 ಮೀಟರ್ ಎತ್ತರದಲ್ಲಿರಬೇಕೆಂಬುದು ನಿಯಮ. ಆದರೆ ಜೋತುಬಿದ್ದ ತಂತಿ ಆ ಎತ್ತರದಲ್ಲಿರುವುದಿಲ್ಲ, ಮಣ್ಣು ತುಂಬಿ ರಸ್ತೆಯನ್ನು ಎತ್ತರಿಸಿದಂತೆ ಅಂತರ ಇನ್ನಷ್ಟು ಕಿರಿದಾಗುತ್ತದೆ. ದೊಡ್ಡ ಟಿಪ್ಪರಿನ ಎತ್ತಿದ ತೊಟ್ಟಿಯ ತುದಿ ಆರು ಮೀಟರನ್ನು ಮೀರುವುದುಂಟು. ತೊಟ್ಟಿ ಎತ್ತಿಕೊಂಡೇ ಮುಂದಕ್ಕೆ ಚಲಿಸಿ ಮಣ್ಣು ಹರಡುವ ಅಭ್ಯಾಸ ಇಲ್ಲಿ ಬಹಳ ಅಪಾಯಕಾರಿ. ಹೈವೋಲ್ಟೇಜ್ ತಂತಿಯ ವಿಷಯದಲ್ಲಿ ಮುಟ್ಟಲೇಬೇಕೆಂದಿಲ್ಲ, ತೀರಾ ಸಮೀಪಿಸಿದರೂ ವಿದ್ಯುತ್ ಹಾರಿ ಬರಬಹುದು. ಕೆಲಸ ಆರಂಭಿಸುವ ಮುನ್ನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಸ್ಥಳೀಯ ಕಚೇರಿಗೆ ತಿಳಿಸಿ ತಂತಿಯನ್ನು ಎತ್ತರಿಸುವುದು ಅಥವಾ ಪೂರೈಕೆ ನಿಲ್ಲಿಸುವುದು ಸರಿಯಾದ ದಾರಿ. ತಂತಿಯ ಎರಡೂ ಬದಿ ಕಂಬ ನೆಟ್ಟು, ನಡುವೆ ಬಣ್ಣದ ಪಟ್ಟಿ ಕಟ್ಟಿ ಎತ್ತರದ ಮಿತಿಯನ್ನು ತೋರಿಸಬಹುದು.

ಯಂತ್ರಕ್ಕೆ ತಂತಿ ತಗುಲಿದರೆ ಚಾಲಕ ಕೆಳಗಿಳಿಯಬಾರದು. ಒಂದು ಕೈ ಯಂತ್ರದ ಮೇಲೆ, ಒಂದು ಕಾಲು ನೆಲದ ಮೇಲೆ ಇರುವ ಕ್ಷಣದಲ್ಲಿ ವಿದ್ಯುತ್ ಅವನ ದೇಹದ ಮೂಲಕ ಹಾಯುತ್ತದೆ. ಒಳಗೇ ಕುಳಿತು, ಸಾಧ್ಯವಾದರೆ ಯಂತ್ರವನ್ನು ತಂತಿಯಿಂದ ಬಿಡಿಸಿ, ಆಗದಿದ್ದರೆ ಹತ್ತು ಮೀಟರ್ ಒಳಗೆ ಯಾರೂ ಬರದಂತೆ ಕೂಗಿ ಹೇಳಿ, ಪೂರೈಕೆ ನಿಲ್ಲಿಸಿದ ಖಚಿತ ಸುದ್ದಿ ಬರುವವರೆಗೆ ಕಾಯಬೇಕು. ವಿದ್ಯುತ್ ದೂರಿನ ಸಂಖ್ಯೆ 1912. ಯಂತ್ರಕ್ಕೆ ಬೆಂಕಿ ಹೊತ್ತಿಕೊಂಡು ಇಳಿಯಲೇಬೇಕಾದರೆ ಯಂತ್ರವನ್ನೂ ನೆಲವನ್ನೂ ಏಕಕಾಲದಲ್ಲಿ ಮುಟ್ಟದಂತೆ ಎರಡೂ ಪಾದ ಜೋಡಿಸಿ ಹೊರಕ್ಕೆ ಜಿಗಿಯಬೇಕು. ಆಮೇಲೆ ಪಾದಗಳನ್ನು ಅಗಲಿಸದೆ, ನೆಲಕ್ಕೆ ಉಜ್ಜುತ್ತ ದೂರ ಸರಿಯಬೇಕು. ದೊಡ್ಡ ಹೆಜ್ಜೆ ಹಾಕಿದರೆ ಎರಡು ಪಾದಗಳ ನಡುವಿನ ನೆಲದ ವೋಲ್ಟೇಜ್ ವ್ಯತ್ಯಾಸವೇ ಕೊಲ್ಲಬಲ್ಲದು.

ನೆಲದಡಿಯಲ್ಲಿ ಕುಡಿಯುವ ನೀರಿನ ಕೊಳವೆ, ದೂರವಾಣಿ ಕೇಬಲ್, ರೈತರು ತಾವೇ ಹೂತ ಪೈಪು ಮತ್ತು ಪಂಪಿನ ತಂತಿಗಳಿರುತ್ತವೆ. ಅಗೆಯುವ ಮುನ್ನ ಕೇಬಲ್ ಮಾಲೀಕರಿಗೆ ಮಾಹಿತಿ ತಲುಪಿಸಲು ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಮೊಬೈಲ್ ಆ್ಯಪ್ ಬಿಡುಗಡೆ ಮಾಡಿತು. ರೈತರು ಹೂತವು ಯಾವ ಆ್ಯಪಿನಲ್ಲೂ ಸಿಗುವುದಿಲ್ಲ. ಪಕ್ಕದ ಜಮೀನಿನವರನ್ನು ಕೇಳುವುದೊಂದೇ ಉಪಾಯ. ಅನುಮಾನವಿದ್ದಲ್ಲಿ ಕೈಗುದ್ದಲಿಯಿಂದ ಪರೀಕ್ಷಾ ಗುಂಡಿ ತೆಗೆಯಬೇಕು.

ಬಿಸಿ ಡಾಂಬರಿನ ಕೆಲಸ

ಪೇವರಿಗೆ ಬರುವ ಡಾಂಬರು ಮಿಶ್ರಣದ ಉಷ್ಣತೆ ಸುಮಾರು 150 ಡಿಗ್ರಿ ಸೆಲ್ಸಿಯಸ್. ಪೂರ್ಣ ತೋಳಿನ ಅಂಗಿ, ದಪ್ಪ ಕೈಗವಸು, ಪಾದ ಮುಚ್ಚುವ ಬೂಟು ಅಗತ್ಯ. ರಬ್ಬರ್ ಹವಾಯಿ ಚಪ್ಪಲಿಯಲ್ಲಿ ಈ ಕೆಲಸ ಮಾಡುವವರನ್ನು ಇಂದಿಗೂ ಕಾಣಬಹುದು. ಮಿಶ್ರಣ ಸಾಗಿಸುವ ಟಿಪ್ಪರ್ ಪೇವರಿನ ಮುಂದೆ ಹಿಂದಕ್ಕೆ ಬರುವಾಗ ನಡುವೆ ಯಾರೂ ಇರಬಾರದು. ಡಾಂಬರು ಮೈಮೇಲೆ ಬಿದ್ದರೆ ಕೂಡಲೇ ತಣ್ಣನೆಯ ಹರಿಯುವ ನೀರಿನಡಿ ಇಪ್ಪತ್ತು ನಿಮಿಷ ಹಿಡಿಯಬೇಕು. ಅಂಟಿದ ಡಾಂಬರನ್ನು ಕಿತ್ತರೆ ಚರ್ಮವೂ ಬರುತ್ತದೆ. ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ ಒರೆಸುವುದು ಹಾನಿಕರ. ಅದನ್ನು ಹಾಗೆಯೇ ಬಿಟ್ಟು ಆಸ್ಪತ್ರೆಗೆ ಒಯ್ಯಬೇಕು.

ಸಂಚಾರ ನಿಯಂತ್ರಣ ಮತ್ತು ಸ್ಥಳೀಯ ಸಂದರ್ಭ

ಕಾಮಗಾರಿಯ ಸುತ್ತಲಿನ ರಸ್ತೆಯನ್ನು ಮುನ್ನೆಚ್ಚರಿಕೆ ವಲಯ, ಪಥ ಬದಲಾವಣೆಯ ವಲಯ, ಕೆಲಸದ ವಲಯ ಮತ್ತು ಅಂತ್ಯ ವಲಯ ಎಂದು ನಾಲ್ಕಾಗಿ ವಿಭಾಗಿಸಲಾಗುತ್ತದೆ. ಮೊದಲ ಫಲಕ ಎಷ್ಟು ದೂರದಲ್ಲಿರಬೇಕು ಎಂಬುದು ವಾಹನಗಳ ವೇಗವನ್ನು ಅವಲಂಬಿಸಿದೆ. ಗಂಟೆಗೆ 80 ಕಿ.ಮೀ. ವೇಗದ ವಾಹನ ಸುರಕ್ಷಿತವಾಗಿ ನಿಲ್ಲಲು 120 ಮೀಟರ್, 100 ಕಿ.ಮೀ. ವೇಗದ ವಾಹನಕ್ಕೆ 180 ಮೀಟರ್ ಮುಂಗಾಣ್ಕೆ ಬೇಕೆಂದು ರಸ್ತೆ ವಿನ್ಯಾಸದಲ್ಲಿ ಲೆಕ್ಕ ಹಾಕುತ್ತಾರೆ. ಯಂತ್ರದ ಹತ್ತಡಿ ಮುಂದೆ ಎರಡು ಕಲ್ಲು, ಒಂದು ಮರದ ಕೊಂಬೆ ಇಟ್ಟರೆ ಎಚ್ಚರಿಕೆ ಕೊಟ್ಟಂತಾಗುವುದಿಲ್ಲ.

ಕಬ್ಬು ಅರೆಯುವ ಹಂಗಾಮಿನಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ಮತ್ತು ಎತ್ತಿನ ಗಾಡಿಗಳು ರಾತ್ರಿಯೂ ಸಾಗುತ್ತವೆ. ಹೊರೆಯ ಹಿಂದೆ ದೀಪವಿರುವುದಿಲ್ಲ, ಅಗಲ ಪಥವನ್ನು ಮೀರಿರುತ್ತದೆ. ಮುಂಜಾವಿನ ಮಂಜು ಮತ್ತು ತರಗು ಸುಡುವ ಹೊಗೆಯೂ ಸೇರಿದರೆ ರಸ್ತೆ ಬದಿ ನಿಲ್ಲಿಸಿದ ರೋಲರ್ ಕಾಣುವುದೇ ಇಲ್ಲ. ರಾತ್ರಿ ಯಂತ್ರಗಳನ್ನು ರಸ್ತೆಯಿಂದ ಪೂರ್ತಿ ಹೊರಗೆ ನಿಲ್ಲಿಸಬೇಕು. ಆಗದಿದ್ದರೆ ಪ್ರತಿಫಲಿಸುವ ಪಟ್ಟಿ ಮತ್ತು ಕೆಂಪು ಮಿನುಗು ದೀಪ ಇರಲೇಬೇಕು. ಸುಗ್ಗಿಯ ಕಾಲದಲ್ಲಿ ರಾಗಿ, ಹುರುಳಿಯನ್ನು ರಸ್ತೆಯ ಮೇಲೆ ಹರಡಿ ಒಕ್ಕಣೆ ಮಾಡುವ ಪದ್ಧತಿಯೂ ಈ ಭಾಗದಲ್ಲಿದೆ. ಹೊಸದಾಗಿ ಹಾಕಿದ ನುಣುಪು ರಸ್ತೆ ಒಕ್ಕಣೆಗೆ ಒಳ್ಳೆಯ ಕಣವೂ ಆಗುವುದರಿಂದ ಕಾಮಗಾರಿ ಮುಗಿಯುವ ಮೊದಲೇ ಜನ ಅಲ್ಲಿ ಸೇರುತ್ತಾರೆ. ಹುಲ್ಲಿನ ಮೆದೆಯ ಹಿಂದೆ ಕುಳಿತವರು ಚಾಲಕನಿಗೆ ಕಾಣುವುದಿಲ್ಲ. ಇಂತಹ ಕಡೆ ಗ್ರಾಮ ಪಂಚಾಯಿತಿಯ ಮೂಲಕ ಮೊದಲೇ ಡಂಗೂರ ಅಥವಾ ಧ್ವನಿವರ್ಧಕದಲ್ಲಿ ತಿಳಿಸುವುದು ಫಲಕಗಳಿಗಿಂತ ಪರಿಣಾಮಕಾರಿ.

ಮಕ್ಕಳ ವಿಷಯ ಬೇರೆಯೇ. ಜೆಸಿಬಿ ಅಗೆಯುವುದನ್ನು ನಿಂತು ನೋಡುವ ಆಕರ್ಷಣೆ ಎಷ್ಟು ಸಾರ್ವತ್ರಿಕವೆಂದರೆ 2019ರಲ್ಲಿ ಅದು ದೇಶದಾದ್ಯಂತ ಸಾಮಾಜಿಕ ಜಾಲತಾಣಗಳ ಹಾಸ್ಯಕ್ಕೆ ವಸ್ತುವಾಯಿತು. ಶಾಲೆ ಬಿಡುವ ಮತ್ತು ಸೇರುವ ಅರ್ಧ ಗಂಟೆ ಶಾಲೆಯ ಮುಂದಿನ ಯಂತ್ರವನ್ನು ನಿಲ್ಲಿಸುವುದು ಉತ್ತಮ. ಮುಖ್ಯೋಪಾಧ್ಯಾಯರು ಕೇಳಿದರೆ ನಿಲ್ಲಿಸಲು ಒಪ್ಪದ ಚಾಲಕರು ವಿರಳ, ಕೇಳುವವರು ಬೇಕು.

ಬಕೆಟ್ಟಿನಲ್ಲಿ ಮನುಷ್ಯರು

ಬಕೆಟ್ಟು ಇರುವುದು ಮಣ್ಣು ತುಂಬಲು. ಅದರಲ್ಲಿ ಮನುಷ್ಯರನ್ನು ನಿಲ್ಲಿಸಿ ದೀಪದ ಕಂಬಕ್ಕೆ, ಮರಕ್ಕೆ ಏರಿಸುವುದು, ಮಡ್‌ಗಾರ್ಡಿನ ಮೇಲೆ ಕೂರಿಸಿಕೊಂಡು ಊರಿಗೆ ಬಿಡುವುದು ನಿಷಿದ್ಧ. ಹೈಡ್ರಾಲಿಕ್ ಕೊಳವೆ ಒಡೆದರೆ ಅಥವಾ ಚಾಲಕನ ಮೊಣಕೈ ಸನ್ನೆಕೋಲಿಗೆ ತಾಗಿದರೆ ಬಕೆಟ್ಟು ಮಗುಚಬಹುದು. ಮಂಡ್ಯದ ಚುನಾವಣಾ ಮೆರವಣಿಗೆಗಳಲ್ಲಿ ಜೆಸಿಬಿ ಬಕೆಟ್ಟಿನಲ್ಲಿ ನಿಂತು ನಾಯಕರ ಮೇಲೆ ಹೂಮಳೆ ಸುರಿಸುವುದು, ಕ್ರೇನಿನಲ್ಲಿ ಭಾರಿ ಸೇಬಿನ ಹಾರ ತೂಗಿಸುವುದು ಈಗ ಸಂಪ್ರದಾಯವೇ ಆಗಿದೆ. ಸಾವಿರಾರು ಜನರ ನಡುವೆ, ವಿದ್ಯುತ್ ತಂತಿಗಳ ಅಡಿಯಲ್ಲಿ ನಡೆಯುವ ಈ ವೈಭವವನ್ನು ನೋಡಿದ ಎಳೆಯ ಚಾಲಕನಿಗೆ ಬಕೆಟ್ಟಿನಲ್ಲಿ ಮನುಷ್ಯರನ್ನು ಏರಿಸಬಾರದೆಂದು ಬೋಧಿಸುವುದು ಸುಲಭವಲ್ಲ.

ನಿರ್ವಹಣೆ ಮತ್ತು ನಿಲುಗಡೆ

ಕೆಲಸ ಮುಗಿದಾಗ ಯಂತ್ರವನ್ನು ಸಮನೆಲದಲ್ಲಿ ನಿಲ್ಲಿಸಿ, ಬಕೆಟ್ಟನ್ನು ನೆಲಕ್ಕೆ ಊರಿ, ಬ್ರೇಕ್ ಹಾಕಿ, ಎಂಜಿನ್ ಆರಿಸಿ, ಕೀಲಿಯನ್ನು ತೆಗೆದುಕೊಂಡು ಹೋಗಬೇಕು. ಎತ್ತಿದ ಟಿಪ್ಪರ್ ತೊಟ್ಟಿಯ ಅಡಿ ದುರಸ್ತಿ ಮಾಡುವಾಗ ಉಕ್ಕಿನ ಆಧಾರ ಕೊಡದೆ ಒಳಗೆ ತಲೆ ಹಾಕಬಾರದು. ಹೈಡ್ರಾಲಿಕ್ ಕೊಳವೆಯ ಸೂಕ್ಷ್ಮ ಸೋರಿಕೆಯನ್ನು ಕೈಯಿಂದ ಹುಡುಕುವುದು ಅತ್ಯಂತ ಅಪಾಯಕಾರಿ: ಸೂಜಿಮೊನೆಯಷ್ಟು ತೂತಿನಿಂದ ಹೊಮ್ಮುವ ಎಣ್ಣೆ ಚರ್ಮವನ್ನು ಭೇದಿಸಿ ಒಳಸೇರುತ್ತದೆ. ಗಾಯ ಸಣ್ಣ ಚುಕ್ಕೆಯಂತೆ ಕಂಡರೂ ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆಯಾಗದಿದ್ದರೆ ಬೆರಳು ಅಥವಾ ಕೈಯನ್ನೇ ಕಳೆದುಕೊಳ್ಳಬೇಕಾಗಬಹುದು. ರಟ್ಟಿನ ತುಂಡನ್ನು ಹಿಡಿದು ಪರೀಕ್ಷಿಸಬೇಕು.

ಚಾಲಕನ ಆರೋಗ್ಯ

ದಿನವಿಡೀ ಯಂತ್ರದ ಕಂಪನಕ್ಕೆ ಒಳಗಾಗುವುದರಿಂದ ಸೊಂಟ ಮತ್ತು ಕುತ್ತಿಗೆ ನೋವು, ಸದ್ದಿನಿಂದ ಕಿವುಡುತನ, ಜಲ್ಲಿಯ ಧೂಳಿನಲ್ಲಿರುವ ಸಿಲಿಕಾದಿಂದ ಶ್ವಾಸಕೋಶದ ರೋಗ ಬರುತ್ತವೆ. ಇವು ಒಂದೇ ದಿನದಲ್ಲಿ ಕಾಣುವುದಿಲ್ಲವಾದ್ದರಿಂದ ಅಪಘಾತಗಳ ಪಟ್ಟಿಗೆ ಸೇರುವುದಿಲ್ಲ. ಆಸನದ ಸ್ಪ್ರಿಂಗ್ ಸರಿಪಡಿಸುವುದು, ಕಿವಿಗೆ ರಕ್ಷಕ ಧರಿಸುವುದು, ಮಣ್ಣಿಗೆ ನೀರು ಚಿಮುಕಿಸುವುದು ಸರಳ ಪರಿಹಾರಗಳು. ಮಾರ್ಚಿಯಿಂದ ಮೇವರೆಗಿನ ಬಿಸಿಲಿನಲ್ಲಿ ನೀರು, ಮಜ್ಜಿಗೆ ಕುಡಿಯುತ್ತಿರಬೇಕು.

ದಣಿವು ಇವೆಲ್ಲಕ್ಕಿಂತ ದೊಡ್ಡ ಸಮಸ್ಯೆ. ಕಾನೂನಿನಂತೆ ದಿನಕ್ಕೆ ಎಂಟು ಗಂಟೆಯ ಕೆಲಸ, ಹೆಚ್ಚಿನ ಅವಧಿಗೆ ದುಪ್ಪಟ್ಟು ಕೂಲಿ. ಯಂತ್ರದ ಬಾಡಿಗೆ ಗಂಟೆ ಲೆಕ್ಕದಲ್ಲಿ ನಡೆಯುವುದರಿಂದ ಮಾಲೀಕನಿಗೂ, ಸಾಲದ ಕಂತು ಕಟ್ಟಬೇಕಾದ ಚಾಲಕ-ಮಾಲೀಕನಿಗೂ ಯಂತ್ರ ನಿಂತರೆ ನಷ್ಟ. ಹಗಲು ರಸ್ತೆ ಕೆಲಸ, ರಾತ್ರಿ ಹೊಲ ಸಮ ಮಾಡುವ ಕೆಲಸ ಎಂದು ಒಬ್ಬನೇ ಚಾಲಕ ದುಡಿಯುವುದು ಇದರ ಫಲ. ನಿದ್ದೆಗೆಟ್ಟವನಿಗೂ ಮದ್ಯ ಕುಡಿದವನಿಗೂ ಸನ್ನೆಕೋಲಿನ ಮುಂದೆ ಹೆಚ್ಚು ವ್ಯತ್ಯಾಸವಿಲ್ಲ.

ಅಪಘಾತದ ನಂತರ

ಅಪಘಾತವಾದ ಕೂಡಲೇ ಯಂತ್ರವನ್ನು ಆರಿಸಿ 108 ಅಥವಾ 112ಕ್ಕೆ ಕರೆ ಮಾಡಬೇಕು. ರಾಷ್ಟ್ರೀಯ ಹೆದ್ದಾರಿಯಲ್ಲಿ 1033 ಸಹಾಯವಾಣಿಯೂ ಇದೆ. ಯಂತ್ರದಡಿ ಸಿಲುಕಿದವನನ್ನು ಬಿಡಿಸಲು ಅವಸರದಲ್ಲಿ ಅದೇ ಯಂತ್ರವನ್ನು ಹಿಂದೆ ಮುಂದೆ ಚಲಿಸಿದರೆ ಗಾಯ ಹೆಚ್ಚುತ್ತದೆ. ಜಿಲ್ಲಾ ಕೇಂದ್ರದಲ್ಲಿ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ (ಮಿಮ್ಸ್) ಬೋಧನಾ ಆಸ್ಪತ್ರೆಯಿದೆ. ಗಾಯಾಳುವಿಗೆ ನೆರವಾದವರನ್ನು ಪ್ರಕರಣದಲ್ಲಿ ಸಿಲುಕಿಸದಂತೆ ರಕ್ಷಿಸುವ ಅವಕಾಶವನ್ನು 2019ರ ತಿದ್ದುಪಡಿಯು ಮೋಟಾರು ವಾಹನ ಕಾಯ್ದೆಗೆ ಸೇರಿಸಿದೆ.

ಕೆಲಸದ ವೇಳೆ ಮೃತಪಟ್ಟ ಕಾರ್ಮಿಕನ ಅವಲಂಬಿತರಿಗೆ ತಿಂಗಳ ಕೂಲಿಯ ಶೇ. 50ರಷ್ಟನ್ನು, ಶಾಶ್ವತ ಪೂರ್ಣ ಅಂಗವೈಕಲ್ಯವಾದರೆ ಶೇ. 60ರಷ್ಟನ್ನು ವಯಸ್ಸಿಗನುಗುಣವಾದ ಗುಣಕದಿಂದ ಗುಣಿಸಿ ಪರಿಹಾರ ನಿಗದಿಪಡಿಸುವ ಕ್ರಮ 1923ರ ಕಾಯ್ದೆಯಿಂದ ಬಂದಿದ್ದು, ಸಾಮಾಜಿಕ ಭದ್ರತಾ ಸಂಹಿತೆ 2020ರಲ್ಲಿಯೂ ಮುಂದುವರಿದಿದೆ. ಕರ್ನಾಟಕದಲ್ಲಿ 2007ರಿಂದ ಕಾರ್ಯನಿರ್ವಹಿಸುತ್ತಿರುವ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಿಂದ ನೋಂದಾಯಿತರಿಗೆ ಪ್ರತ್ಯೇಕ ನೆರವು ದೊರೆಯುತ್ತದೆ. 18ರಿಂದ 60 ವರ್ಷದೊಳಗಿನ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ನಿರ್ಮಾಣ ಕೆಲಸ ಮಾಡಿದವರು ನೋಂದಣಿಗೆ ಅರ್ಹರು. ಯಂತ್ರ ಚಾಲಕರು ಮತ್ತು ಹೆಲ್ಪರ್‌ಗಳು ತಮ್ಮನ್ನು ವಾಹನ ಚಾಲಕರೆಂದೇ ಭಾವಿಸಿ ಈ ನೋಂದಣಿಯನ್ನು ಕೈಬಿಡುವುದುಂಟು. ಕೂಲಿ ಚೀಟಿ, ಹಾಜರಿ ಪುಸ್ತಕದ ಪ್ರತಿ ಅಥವಾ ಉದ್ಯೋಗದಾತನ ದೃಢೀಕರಣ ಇಲ್ಲದಿದ್ದರೆ ಪರಿಹಾರದ ಅರ್ಜಿ ತಾಲ್ಲೂಕು ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲೇ ನಿಲ್ಲುತ್ತದೆ. ಹೀಗಾಗಿ ಕೆಲಸಕ್ಕೆ ಸೇರಿದ ದಿನವೇ ಇವುಗಳಲ್ಲಿ ಒಂದನ್ನಾದರೂ ಪಡೆದು ಮನೆಯಲ್ಲಿ ಇಡುವುದು ಅಗತ್ಯ.